ಒಲೆಯಂಚಿನ ಉಗುರು ಗುರುತು

ತೀರ್ಥಹಳ್ಳಿಗೆ ಹೋಗುವ ಮೊದಲ ಬಸ್ಸು ಇನ್ನೂ ಮೇಳಿಗೆ ದಾಟಿಲ್ಲ. ಅಂಗಳದ ಹುಲ್ಲಿನ ಮೇಲೆ ಇಬ್ಬನಿ ಹಾಗೇ ಕೂತಿದೆ. ಅಷ್ಟು ಹೊತ್ತಿಗಾಗಲೇ ಗುತ್ಯಮ್ಮ ಸೀರೆಯನ್ನು ಮೊಣಕಾಲಿನ ತನಕ ಎತ್ತಿ ಕಟ್ಟಿಕೊಂಡು ಕೊಟ್ಟಿಗೆಯ ಪಕ್ಕದಲ್ಲಿ ಮಣ್ಣು ತುಳಿಯುತ್ತಿದ್ದಾಳೆ. ಹುತ್ತದ ಮಣ್ಣು, ಭತ್ತದ ಹೊಟ್ಟು, ಒಂದಿಷ್ಟು ಸಗಣಿ. ಪುಷ್ಯ ಮಾಸದ ಚಳಿಗೆ ಮಣ್ಣು ಅಂಗಾಲನ್ನು ಕೊರೆಯುತ್ತದೆ. ಮನೆಯವರು ಒಳಗಿಂದ ಕಾಫಿಗೆ ಕರೆದರೆ, "ತಡೀರಿ ಮಾರಾಯ್ರೆ, ಈಗ ಬಿಟ್ಟು ಬಂದ್ರೆ ಇದು ಸಿಟ್ಟು ಮಾಡ್ಕಂಡು ಬಿರೀತದೆ" ಎನ್ನುತ್ತಾಳೆ. ಕಾಫಿ ಆರಿಹೋಗುತ್ತದೆ, ಮಣ್ಣು ಹದಕ್ಕೆ ಬರುತ್ತದೆ.

ಒಲೆ ಹೂಡುವುದು ಈ ಸೀಮೆಯ ಹೆಂಗಸರಿಗೆಲ್ಲ ಬರುತ್ತದೆ. ಹೊಗೆಯಾಡದ ಒಲೆ ಹೂಡುವುದು ಮಾತ್ರ ಎಲ್ಲರಿಗೂ ಬರುವುದಿಲ್ಲ. ಅದಕ್ಕೇ ಮೇಳಿಗೆಯಿಂದ ಕವಲೇದುರ್ಗದ ಬುಡದವರೆಗೆ ಯಾರ ಮನೆಯ ಒಲೆ ಕೆಟ್ಟರೂ ಗುತ್ಯಮ್ಮನಿಗೆ ಬುಲಾವು ಬರುತ್ತದೆ. ಅಳತೆಗೆ ಅವಳದು ಗೇಣು ಮತ್ತು ಬೆರಳು. ಮುಂದಿನ ಒಲೆಯ ಉರಿಯಲ್ಲೇ ಹಿಂದಿನ ಕೋಡೊಲೆಯೂ ಕಾಯಬೇಕು, ಅಷ್ಟು ಜಾಗ ಬಿಟ್ಟು ಗೋಡೆ ಎಬ್ಬಿಸುತ್ತಾಳೆ. "ಹೊಗೆ ಹೆಂಗಸ್ರ ಕಣ್ಣಿಗೆ ಹೋಗ್ಬಾರ್ದು, ಉರಿ ಗಡಿಗೆ ಬಿಟ್ಟು ಹೋಗ್ಬಾರ್ದು. ಇಷ್ಟೇ ನೋಡಿ ವಿದ್ಯೆ" ಎಂದು ನಗುತ್ತಾಳೆ. ವಯಸ್ಸು ಕೇಳಿದರೆ, "ಅರವತ್ತು ಅಂತ ಇಟ್ಕೊಳ್ಳಿ. ಕಮ್ಮಿ ಇದ್ರೆ ನಂಗೇ ಲಾಭ" ಎಂಬ ಉತ್ತರ. ಅವಳು ಹೂಡಿದ ಒಲೆಯಲ್ಲಿ ಬೆಂದ ಗಂಜಿ ಉಂಡವರು ಸಾವಿರಾರು ಜನ. ಒಲೆ ಯಾರು ಹೂಡಿದರೆಂದು ಉಣ್ಣುವಾಗ ಯಾರು ಕೇಳುತ್ತಾರೆ?

ಗುತ್ಯಮ್ಮ ಈ ಊರಿನವಳಲ್ಲ. ಅವಳು ಹುಟ್ಟಿದ್ದೂ ಬಾಳಿದ್ದೂ ಹೊಸನಗರದ ಆಚೆ, ಶರಾವತಿಯ ದಂಡೆಯ ಮೇಲೆ. ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಎದ್ದು ನಾಲ್ಕು ವರ್ಷವಾಯಿತು, ಅವಳ ಊರು ಈಗ ನೀರಿನಡಿ ಇದೆ. ಜೋಗದ ಕಡೆ ದೀಪ ಹೊತ್ತಿದೆ, ಸಾಗರದ ಪೇಟೆಯಲ್ಲಿ ಸೀಮೆಎಣ್ಣೆ ಸ್ಟೌ ಮಾರುತ್ತಾರೆ. ಇವಳು ಮಾತ್ರ ಮೇಳಿಗೆಯ ಅಕ್ಕನ ಮನೆಯ ಜಗಲಿಯಲ್ಲಿ ಕೂತು ಮುಳುಗಿದ ಒಲೆಗಳನ್ನು ಒಂದೊಂದಾಗಿ ನೆನೆಯುತ್ತಾಳೆ. ಯಾರ ಮನೆಯ ಒಲೆಗೆ ಗಾಳಿ ಮೂಡಲಿಂದ ಬರುತ್ತಿತ್ತು, ಯಾರ ಮನೆಯ ಕೋಡೊಲೆಯಲ್ಲಿ ಹಾಲು ಉಕ್ಕದೆ ಕೆನೆಗಟ್ಟುತ್ತಿತ್ತು, ಎಲ್ಲ ನೆನಪಿದೆ. "ಹೊರಡೋವಾಗ ಜನ ಹೆಂಚು ತಗಂಡ್ರು, ಬಾಗ್ಲು ಕಿತ್ಕಂಡ್ರು. ಒಲೆ ಹೆಂಗೆ ಹೊತ್ಕಂಡು ಬರೋದು? ಕೊನೇ ದಿನ ನಾನು ಮನೆಮನೆಗೂ ಹೋಗಿ ಒಲೆ ಸಾರಿಸ್ದೆ. ಮುಳುಗೋ ಒಲೆಗೆ ಎಂಥಕ್ಕೆ ಸಾರಿಸ್ತೀಯೆ ಅಂದ್ರು. ನೀರು ಮೀಸದೆ ಹೆಣ ಕಳಿಸ್ತೀರೇನ್ರೋ ಅಂದೆ." ಇಷ್ಟು ಹೇಳಿ ಮತ್ತೆ ಮಣ್ಣು ಹಿಸುಕಲು ತೊಡಗುತ್ತಾಳೆ.

ಆ ಕಾಲ ಚೆನ್ನಾಗಿತ್ತು ಎಂದು ಅವಳು ಹೇಳುತ್ತಾಳಾದರೂ ಆ ಕಾಲದ ಕಾಯಿಲೆಗಳನ್ನೂ ಮರೆತಿಲ್ಲ. ಡಿಡಿಟಿ ಹೊಡೆಯುವವರು ಬರುವ ಮೊದಲು ಮಲೇರಿಯಾ ಹಬ್ಬದ ಅಳಿಯನಂತೆ ವರ್ಷವರ್ಷವೂ ಬಂದು ಕೂರುತ್ತಿತ್ತು. ಹುಡುಗಿಯಾಗಿದ್ದಾಗ ಇವಳ ಹೊಟ್ಟೆಯಲ್ಲೂ ಗುಲ್ಮ ಊದಿ ಜ್ವರಗಡ್ಡೆಯಾಗಿತ್ತು, ಬಾವಿಯಿಂದ ಕೊಡ ಎತ್ತಿದರೆ ಕಣ್ಣು ಕತ್ತಲೆ ಬರುತ್ತಿತ್ತು. ಹಾಗಾಗಿ ದಣಿವು ಬೇರೆ, ನಿತ್ರಾಣ ಬೇರೆ ಎಂಬುದು ಅವಳಿಗೆ ಮೈಯಿಂದಲೇ ಗೊತ್ತು. "ದಣಿವಾದ್ರೆ ಉಂಡು ಮಲಗಿದ್ರೆ ಹೋಗ್ತದೆ. ನಿತ್ರಾಣ ಹಂಗಲ್ಲ. ಬೆಳಗ್ಗೆ ಏಳೋಕ್ ಮೊದ್ಲೇ ಅದು ಎದ್ದು ಕೂತಿರ್ತದೆ. ಹುಲ್ಲುಕಡ್ಡಿ ಎತ್ತೋಕೂ ಮೈ ಒಲ್ಲೆ ಅಂತದೆ. ಜನ ಮಾತ್ರ ಎರಡಕ್ಕೂ ಮೈಗಳ್ಳತನ ಅಂತ ಒಂದೇ ಹೆಸ್ರು ಇಡ್ತಾರೆ."

ಒಲೆಯ ಕೆಲಸದಲ್ಲಿ ಅವಳು ಇನ್ನೊಂದು ಸಂಗತಿಯನ್ನೂ ಕಂಡಿದ್ದಳು. ಕೆಲವು ಮನೆಗಳಲ್ಲಿ ಒಲೆಯ ಎಡಗೋಡೆಯ ಅಂಚು ಸವೆದಿರುತ್ತದೆ. ಹತ್ತಿರದಿಂದ ನೋಡಿದರೆ ಉಗುರಿನಿಂದ ಕೆರೆದ ಗೆರೆಗಳು. ಬೆಂಕಿ ಊದಲು ಕೂತ ಹೆಂಗಸು ಯಾರೂ ಇಲ್ಲದ ಹೊತ್ತು ನೋಡಿ ಸುಟ್ಟ ಮಣ್ಣನ್ನು ಕೆರೆದು ಬಾಯಿಗೆ ಹಾಕಿಕೊಂಡ ಗುರುತು ಅದು. ಗುತ್ಯಮ್ಮನ ಅವ್ವನೂ ಹಾಗೆ ತಿನ್ನುತ್ತಿದ್ದಳು. ಬಿಳುಚಿ, ಊದಿಕೊಂಡು, ಕೊನೆಗೆ ಒಂದು ಹೆರಿಗೆಯಲ್ಲಿ ತೀರಿಕೊಂಡಳು. ಮಣ್ಣಿನ ಆಸೆಗೆ ಸತ್ತಳು ಎಂದು ಊರು ಆಡಿಕೊಂಡಿತು, ಮಗಳೂ ಅದನ್ನೇ ನಂಬಿದಳು. ತಿಂದ ಮಣ್ಣು ಹೊಟ್ಟೆಯಲ್ಲಿ ಕೂತು ರಕ್ತ ಕುಡಿಯುತ್ತದೆ ಎಂಬುದು ಅವಳ ಲೆಕ್ಕ. ಆದ್ದರಿಂದ ಉಗುರಿನ ಗುರುತು ಕಂಡಲ್ಲೆಲ್ಲ ಯಾರಿಗೂ ಹೇಳದೆ ಒಂದು ಉಪಾಯ ಮಾಡುತ್ತಿದ್ದಳು. ಕಿರಾತಕಡ್ಡಿಯ ಕಷಾಯ ಕಾಯಿಸಿ, ಮೇಲ್ಪದರದ ಮಣ್ಣಿಗೆ ಬೆರೆಸಿ ಒಲೆಗೆ ಮೆತ್ತಿಬಿಡುವುದು. ಬೇವನ್ನೂ ಸಿಹಿ ಎನ್ನಿಸುವ ಕಹಿ ಅದು. ಮತ್ತೆ ಯಾವ ಹೆಂಗಸೂ ಆ ಅಂಚಿಗೆ ಕೈ ಹಾಕುತ್ತಿರಲಿಲ್ಲ. ಮಾನವೂ ಉಳಿಯಿತು, ಪ್ರಾಣವೂ ಉಳಿಯಿತು ಎಂದು ಗುತ್ಯಮ್ಮ ಒಳಗೊಳಗೇ ಬೀಗುತ್ತಿದ್ದಳು.

ಆ ಜಂಬ ಇಳಿದದ್ದು ಎರಡು ವರ್ಷದ ಹಿಂದೆ, ಕನ್ನಮ್ಮನ ಮನೆಯಲ್ಲಿ.

ಕನ್ನಮ್ಮನದು ಗೇಣಿ ಗದ್ದೆ ಮಾಡುವ ಮನೆ. ಮಗ ಹೂವಯ್ಯ, ಸೊಸೆ ಮಹಾಲಕ್ಷ್ಮೀ, ಇನ್ನೂ ಮೊಲೆಹಾಲು ಬಿಡದ ಒಂದು ಕೂಸು. ಒಲೆಯ ಅಂಚು ಪುಡಿಯಾಗುತ್ತಿದೆಯೆಂದು ಕನ್ನಮ್ಮ ಹೇಳಿಕಳಿಸಿದ್ದಳು. "ನಾನು ಮದುವೆಯಾಗಿ ಬಂದ ವರ್ಷ ಹೂಡಿದ ಒಲೆ ಮಾರಾಯ್ತಿ. ಅತ್ತೆಮ್ಮಂಗೆ ಕಣ್ಣು ಕಾಣ್ತಿರ್ಲಿಲ್ಲ, ಇದ್ರ ಮುಂದೆ ಕೂತೋಳು ನಾನೊಬ್ಳೇ. ಒಂದು ಬಿರುಕು ಬಿಟ್ಟಿರ್ಲಿಲ್ಲ. ಈ ಮೈಗಳ್ಳಿ ಬಂದ್ಲು ನೋಡು, ಒಲೇನೂ ಹಾಳಾಯ್ತು" ಎಂದು ಸೊಸೆಗೆ ಕೇಳುವಂತೆಯೇ ಹೇಳಿದಳು. ಗುತ್ಯಮ್ಮ ಬಗ್ಗಿ ನೋಡಿದಳು. ಎಡಗೋಡೆಯ ಮೇಲೆ ಹಸಿ ಗೆರೆಗಳು. ಬಾಗಿಲ ಸಂದಿಯಲ್ಲಿ ನಿಂತ ಮಹಾಲಕ್ಷ್ಮಿಯ ಮುಖ ಸುಣ್ಣ ಬಳಿದಂತಿತ್ತು. ಗುತ್ಯಮ್ಮ ಎಂದಿನಂತೆ ಕಹಿ ಮಣ್ಣು ಮೆತ್ತಿ ಎದ್ದು ಬಂದಳು.

ನಾಟಿಯ ಹೊತ್ತಿಗೆ ಮಹಾಲಕ್ಷ್ಮೀ ಗದ್ದೆಯಲ್ಲೇ ಕುಸಿದಳು. ಎತ್ತಿ ತಂದು ಮಲಗಿಸಿದರು. ದೃಷ್ಟಿ ತೆಗೆದರು, ಗಾಳಿ ಸೋಕಿದೆಯೆಂದು ನೂಲು ಕಟ್ಟಿಸಿದರು, ಉಷ್ಣವೆಂದು ಎಳನೀರು ಕುಡಿಸಿದರು. ಎದ್ದು ನಿಂತರೆ ಎದೆ ಡವಗುಟ್ಟುವುದು ನಿಲ್ಲಲಿಲ್ಲ. ಕನ್ನಮ್ಮನ ತಾಳ್ಮೆ ತೀರಿತು. ಭಾನುವಾರ ಬಂದು ತಂಗಿಯನ್ನು ಕರೆದುಕೊಂಡು ಹೋಗು ಎಂದು ಸೊಸೆಯ ಅಣ್ಣನಿಗೆ ಹೇಳಿಕಳಿಸಿದಳು. ಕೂಸು ಮಾತ್ರ ಇಲ್ಲೇ ಇರಬೇಕು, ಅದು ಈ ಮನೆಯದು. ಗುತ್ಯಮ್ಮನಿಗೂ ಮತ್ತೆ ಕರೆ ಬಂತು. ಒಲೆ ಒಡೆದು ಹೊಸದು ಹೂಡಬೇಕಂತೆ.

"ಇನ್ನೂ ಗಟ್ಟಿಯಿದ್ಯಲ್ಲ ಅಕ್ಕ, ಎಂಥಕ್ಕೆ ಒಡೆಸ್ತೀರಿ?"

"ಹೂವಯ್ಯನಿಗೆ ಬೇರೆ ಹೆಣ್ಣು ನೋಡೋದಲ್ವಾ. ಬರೋಳಿಗೆ ಹೊಸ ಒಲೆ ಇರ್ಲಿ."

ಮಹಾಲಕ್ಷ್ಮೀ ಅಡುಗೆಮನೆಯ ಮೂಲೆಯಲ್ಲೇ ಚಾಪೆಯ ಮೇಲಿದ್ದಳು. ಕೂಸು ಅವಳ ಮಗ್ಗುಲಲ್ಲಿತ್ತು. ಕನ್ನಮ್ಮ ನೀರು ತರಲು ಹೊರಗೆ ಹೋದಾಗ ಅವಳು ಮೆಲ್ಲಗೆ ಕೇಳಿದಳು: "ಒಲೆಗೆ ಕಹಿ ಹಾಕಿದ್ದು ನೀವಾ ಗುತ್ಯಮ್ಮ? ಹಾಕಿದ್ರಲ್ಲ, ಆಮೇಲೆ ನಾನು ಹಸಿ ಅಕ್ಕಿ ತಿಂದೆ. ಗೋಡೆ ಮಣ್ಣು ತಿಂದೆ. ಆಸೆ ಹೋಗ್ಲಿಲ್ಲ. ನಂಗೆಂಥ ಆಗಿದೆ ಅಂತ ನಂಗೇ ಗೊತ್ತಾಗ್ತಿಲ್ಲ." ಗುತ್ಯಮ್ಮನ ಕೈಯಲ್ಲಿದ್ದ ಹಾರೆ ನೆಲಕ್ಕೆ ಊರಿಕೊಂಡಿತು. ಹೇಳಿದರೆ ಹುಡುಗಿಯ ಮಾನ ಹೋಗುತ್ತದೆ, ಹೇಳದಿದ್ದರೆ ಮೈಗಳ್ಳಿಯೆಂಬ ಹೆಸರೇ ಉಳಿದು ಕೂಸು ಕೈತಪ್ಪುತ್ತದೆ. ಏನು ಮಾಡುವುದೆಂದು ತೋಚದೆ ಅವಳು ಒಲೆ ಒಡೆಯಲು ಶುರುಮಾಡಿದಳು.

ಹಳೆಯ ಒಲೆ ಎಂದರೆ ಪದರದ ಮೇಲೆ ಪದರ. ವರ್ಷವರ್ಷವೂ ಮೆತ್ತಿದ ಮಣ್ಣು ಹಲಗೆಯಂತೆ ಕಳಚಿ ಬೀಳುತ್ತಿತ್ತು. ಎಡಗೋಡೆಯ ಕಟ್ಟಕಡೆಯ ಪದರ ಬಿಟ್ಟುಕೊಂಡಾಗ ಗುತ್ಯಮ್ಮ ನಿಂತುಬಿಟ್ಟಳು. ಒಳಗಿನ ಹಳೆಯ ಕೆಂಪು ಮಣ್ಣಿನಲ್ಲಿ, ಅದೇ ಜಾಗದಲ್ಲಿ ಒಂದು ಗುಳಿ. ಗುಳಿಯ ತುಂಬ ನಾಲ್ಕು ಬೆರಳಿನ ಉಗುರು ಎಳೆದ ಗೆರೆಗಳು. ಯಾರೋ ಅದಕ್ಕೆ ಬಿಳಿ ಮಣ್ಣಿನ ತೇಪೆ ಹಾಕಿ ಮುಚ್ಚಿದ್ದರು. ಈ ಒಲೆ ಹೊಸದಾಗಿದ್ದಾಗ ಇದರ ಮುಂದೆ ಕೂತವಳು ಒಬ್ಬಳೇ ಒಬ್ಬಳು.

ಕೊಡ ಹೊತ್ತು ಒಳಗೆ ಬಂದ ಕನ್ನಮ್ಮನನ್ನು ಗುತ್ಯಮ್ಮ ಕರೆದು ಗುಳಿ ತೋರಿಸಿದಳು. ಪಕ್ಕದಲ್ಲೇ ಒಡೆದು ಬಿದ್ದಿದ್ದ, ಕಹಿ ಮಣ್ಣಿನಡಿಯ ಪದರದ ಗೆರೆಗಳನ್ನೂ ತೋರಿಸಿದಳು. "ಇದು ಅವಳ್ದು ಅಕ್ಕ. ಅದು ಯಾರ್ದು ಅಂತ ನೀವೇ ಹೇಳ್ಬೇಕು."

ಕನ್ನಮ್ಮ ಕೊಡ ಇಳಿಸಲಿಲ್ಲ. ನೀರು ತುಳುಕಿ ಸೆರಗೆಲ್ಲ ಒದ್ದೆಯಾಯಿತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಆ ಎರಡೂ ಕಾಲ ಇಲ್ಲಿ ಒಂದೇ ಒಲೆಯಲ್ಲಿ ಕಂಡವು. ಕೊನೆಗೆ ಕನ್ನಮ್ಮ ಕೊಡ ಇಳಿಸಿ ನೆಲದಲ್ಲಿ ಕೂತು, "ಎರಡು ಕೂಸು ಹೋದವು ಆಗ" ಎಂದಳು. "ನಂಗೆ ಏಳೋಕೇ ಆಗ್ತಿರ್ಲಿಲ್ಲ. ಆದ್ರೂ ಎದ್ದೆ. ಎಲ್ರೂ ಎದ್ದಿರ್ಲಿಲ್ವಾ, ಇವಳ್ಯಾಕೆ ಏಳ್ಬಾರ್ದು ಅಂತ..." ಮರುದಿನ ಹೂವಯ್ಯ ಹೆಂಡತಿಯನ್ನು ಆಸ್ಪತ್ರೆಗೆಂದು ಬಸ್ಸು ಹತ್ತಿಸಿದ. ಅತ್ತೆ ಕೂಸನ್ನು ಎತ್ತಿಕೊಂಡು ಹಿಂದೆ ಹತ್ತಿದಳು, ಗುತ್ಯಮ್ಮನೂ ಹೋದಳು.

ತೀರ್ಥಹಳ್ಳಿಯ ಆಸ್ಪತ್ರೆಯಲ್ಲಿ ಡಾಕ್ಟರು ಮಹಾಲಕ್ಷ್ಮಿಯ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು, ಚಮಚದಂತೆ ಬಗ್ಗಿದ ಉಗುರು ನೋಡಿದರು, ಮಲ ರಕ್ತ ಎರಡನ್ನೂ ಪರೀಕ್ಷೆ ಮಾಡಿಸಿದರು. ಆಮೇಲೆ ಮೂವರನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದರು. ಸುಸ್ತು ಅನ್ನುವುದೇ ಒಂದು ಕಾಯಿಲೆಯಲ್ಲ, ಒಳಗೆ ಏನೋ ಕೆಟ್ಟಿದೆಯೆಂದು ಮೈ ಕೂಗಿ ಹೇಳುವುದು. ಒಬ್ಬರಿಗೆ ಅದು ಕ್ಷಯದಿಂದ ಬರಬಹುದು, ಇನ್ನೊಬ್ಬರಿಗೆ ಸಿಹಿಮೂತ್ರದಿಂದ, ಮಲೇರಿಯಾದಿಂದ, ಮನಸ್ಸಿನ ದುಃಖದಿಂದಲೂ ಬರಬಹುದು. ಇವಳಿಗೆ ಬಂದಿರುವುದು ರಕ್ತ ಕಡಿಮೆಯಾಗಿ. ಹೆರಿಗೆಯಲ್ಲಿ ಹೋದ ರಕ್ತ ತುಂಬುವ ಮೊದಲೇ ಗದ್ದೆಗೆ ಇಳಿದಿದ್ದಾಳೆ. ಬರಿಗಾಲಿನಿಂದ ಹೊಕ್ಕ ಕೊಕ್ಕೆಹುಳು ಕರುಳಿನಲ್ಲಿ ಕಚ್ಚಿಕೊಂಡು ಉಳಿದದ್ದನ್ನೂ ಹೀರುತ್ತಿದೆ. ಎಲ್ಲರದೂ ಆದ ಮೇಲೆ ತಳದ ಗಂಜಿ ಉಂಡರೆ ಮೈಗೆ ಏನು ಸಿಗುತ್ತದೆ?

"ಮಣ್ಣು ತಿಂದಿದ್ದಕ್ಕೇ ರಕ್ತ ಹೋಗಿದ್ದಲ್ವಾ?" ಎಂದು ಗುತ್ಯಮ್ಮ ತಡೆಯಲಾರದೆ ಕೇಳಿದಳು.

"ಇಲ್ಲಮ್ಮ. ರಕ್ತ ಕಡಿಮೆಯಾದವರಿಗೆ ಎಷ್ಟೋ ಸಲ ಹೀಗೆ ಮಣ್ಣು ತಿನ್ನಬೇಕು ಅನ್ನಿಸುತ್ತೆ. ತಿನ್ನೋದು ಒಳ್ಳೆಯದಲ್ಲ, ಆದರೆ ಅದು ಅವರ ಚಪಲ ಅಲ್ಲ."

ಗುತ್ಯಮ್ಮ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತಳು. ಅಷ್ಟು ವರ್ಷ ಅವಳು ತನ್ನ ಅವ್ವನನ್ನು ಮನಸ್ಸಿನಲ್ಲೇ ಬೈದಿದ್ದಳು.

ಹುಳದ ಔಷಧಿ, ಕಬ್ಬಿಣದ ಮಾತ್ರೆ, ಸೊಪ್ಪು, ಹುರುಳಿ, ಮೀನು, ಕಾಲಿಗೆ ಚಪ್ಪಲಿ. ಸೊಸೆಯ ಅಣ್ಣ ಭಾನುವಾರ ಬಂದವನು ಊಟ ಮಾಡಿ ಒಬ್ಬನೇ ಹಿಂದಿರುಗಿದ. ಗುತ್ಯಮ್ಮ ಆ ಮನೆಗೆ ಹೊಸ ಒಲೆ ಹೂಡಿದಳು, ಕಹಿ ಬೆರೆಸಲಿಲ್ಲ. ಒಲೆ ಆರಿ ಬೆಂಕಿ ಹಾಕಿದ ದಿನ ಹಾಲು ಉಕ್ಕಿಸಿ ಅನ್ನ ಮಾಡಿದರು. ಹೂವಯ್ಯ ಕೈಕಾಲು ತೊಳೆದು ಮಣೆಯ ಮೇಲೆ ಕೂತಿದ್ದ. ಕನ್ನಮ್ಮ ಮೊದಲ ಸೌಟು ಅನ್ನವನ್ನು ಸೊಸೆಯ ತಟ್ಟೆಗೆ ಹಾಕಿ, ಮೀನಿನ ಸಾರು ಬಡಿಸಿದಳು.

"ಅವ್ರಿನ್ನೂ ಉಂಡಿಲ್ಲ ಅತ್ತೆಮ್ಮ. ನಾನು ಹೆಂಗೆ..."

"ಉಣ್ಣೇ. ನಂಗೆ ಹಿಂಗೆ ಹೇಳೋರು ಯಾರೂ ಇರ್ಲಿಲ್ಲ."

ಆ ದಿನದಿಂದ ಗುತ್ಯಮ್ಮ ಹೊಸ ಒಲೆಗೊಂದು ಕಟ್ಟಳೆ ಮಾಡಿದ್ದಾಳೆ. ಮೊದಲ ಅನ್ನವನ್ನು ಒಲೆಯ ಮುಂದೆ ಕೂರುವವಳೇ ಬಿಸಿಬಿಸಿಯಾಗಿ ಉಣ್ಣಬೇಕು, ಅದೂ ಗುತ್ಯಮ್ಮನ ಕಣ್ಣೆದುರಿಗೆ. ಕೆಲವು ಮನೆಗಳಲ್ಲಿ ಹಿರಿಯರು ಗೊಣಗುತ್ತಾರೆ. ಗೊಣಗಿ ಮುಗಿಯುವವರೆಗೂ ಇವಳು ಎಲೆಅಡಿಕೆ ಜಗಿಯುತ್ತ ಕೂತಿರುತ್ತಾಳೆ. ಸ್ಟೌ ಬಂದರೆ ನಿನ್ನ ಕೆಲಸ ಹೋಗುತ್ತದಲ್ಲ ಗುತ್ಯಮ್ಮ ಎಂದು ಕೇಳಿದರೆ ಅವಳಿಗೆ ಬೇಸರವಿಲ್ಲ.

"ಬರ್ಲಿ ಬಿಡಿ, ಹೊಗೆ ಕುಡಿಯೋದು ತಪ್ತದೆ. ಸ್ಟೌ ತಂದ ಮನೆಯೋರೂ ಮೊದಲ್ನೇ ದಿನ ನನ್ನ ಕರೀಲಿ, ಅಷ್ಟೇ ಆಸೆ. ನಂಗೆ ಸ್ಟೌ ಹಚ್ಚೋಕೆ ಬರಲ್ಲ. ಹಚ್ಚಿದೋಳು ಉಂಡ್ಲಾ ಅಂತ ಕೇಳೋಕೆ ಬರ್ತದೆ."