ಶಗುಫ್ತಾ ಕದ್ದ ಖರಬೂಜ

ಬಾದಶಹ ಕಣ್ಣು ಮುಚ್ಚಿದ ಮೇಲೆ ಅವನ ಬೇಗಂಗಳನ್ನೂ ಉಪಪತ್ನಿಯರನ್ನೂ ದೆಹಲಿ ಕೋಟೆಯಿಂದ ಬೇರೆ ಮಹಲಿಗೆ ಸಾಗಿಸಿದರು. ಹೊಸ ಬಾದಶಹನ ಹೆಂಡಿರಿಗೆ ಕೋಣೆ ಬೇಕಲ್ಲ! ವಿಧವೆಯರ ಆ ಮನೆಗೆ ಸುಹಾಗ್‌ಪುರ, ಅಂದರೆ ಮುತ್ತೈದೆಯರ ಊರು ಅಂತ ಹೆಸರಿಟ್ಟ ಪುಣ್ಯಾತ್ಮ ಯಾರೋ. ಅಲ್ಲಿ ಶಗುಫ್ತಾಳ ಪಾಲಿಗೆ ಬಂದದ್ದು ಪರೀವಶ್ ಬೇಗಂಳ ಪಕ್ಕದ ಕೋಣೆ. ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಉರಿ ಹಳೆಯದು. ಶಗುಫ್ತಾ ಹದಿನಾರಕ್ಕೇ ಜನಾನಾ ಸೇರಿದ ಉಪಪತ್ನಿ. ದಿನವೂ ಸಂಜೆ ಮಿಂದು, ಅತ್ತರು ಪೂಸಿ, ಮಲ್ಲಿಗೆ ಮುಡಿದು ಬಾಗಿಲ ಬಳಿ ಕೂರುವಳು. ಬಾದಶಹ ಅವಳ ಬಾಗಿಲು ದಾಟಿ ನೇರ ಪರೀವಶಳ ಕೋಣೆಗೆ ಹೋಗುವನು. ಶಗುಫ್ತಾಳ ತಲೆ ನರೆಯುವವರೆಗೂ ಒಮ್ಮೆಯೂ ಒಳಗೆ ಬರಲಿಲ್ಲ. ಮರುದಿನ ಹಮಾಮಿನಲ್ಲಿ ಮೀಯುತ್ತ ಪರೀವಶ್ ರಾತ್ರಿ ನಡೆದದ್ದೆಲ್ಲವನ್ನೂ ಕೊಚ್ಚಿಕೊಳ್ಳುವಾಗ ಶಗುಫ್ತಾ ವೀಳ್ಯ ಮಡಿಸಿಕೊಡುತ್ತ ಒಂದಕ್ಷರ ಬಿಡದೆ ಕೇಳಿಸಿಕೊಳ್ಳುವಳು. ಹೊಟ್ಟೆಕಿಚ್ಚಿಗೆ ಮರೆವೆಲ್ಲಿಂದ ಬರಬೇಕು? ಪರೀವಶ್ ಮಾತ್ರ ಅವಳ ಹೆಸರನ್ನೂ ಕೇಳಿದವಳಲ್ಲ. ‘ಏ ವೀಳ್ಯದೋಳೇ’, ಅಷ್ಟೇ. ಈ ಹೆಂಗಸು ತನ್ನನ್ನು ಕಂಡು ಒಂದೇ ಒಂದು ಸಲ ಕರುಬಬೇಕು, ಇದೇ ಶಗುಫ್ತಾಳ ಆಸೆ.

ಮುಪ್ಪಿನಲ್ಲಿ ಪರೀವಶಳಿಗೆ ಅರಳುಮರುಳು ಹಿಡಿಯಿತು. ಒಂದು ಬೆಳಿಗ್ಗೆ ಅಂಗಳದ ಬಿಸಿಲಲ್ಲಿ ಕೂತವಳು ಶಗುಫ್ತಾಳನ್ನು ಕೇಳಿದಳು: “ನೀನ್ಯಾರೇ? ಬಾದಶಹ ನಿನ್ ಹತ್ರ ಬರ್ತಿದ್ರಾ?”

ಶಗುಫ್ತಾ ಸುತ್ತ ನೋಡಿದಳು. ಯಾರೂ ಇರಲಿಲ್ಲ. “ಬರ್ತಿದ್ರಾ ಅಂತ ಕೇಳ್ತೀರಲ್ಲ ಬೇಗಂ ಸಾಹೇಬಾ! ನನ್ ಕೋಣೆ ಬಿಟ್ಟು ಹೋಗ್ತಿದ್ರೆ ತಾನೆ? ಕಾಬೂಲಿನ ಖರಬೂಜ ತಾವೇ ಹೆಚ್ಚಿ ಬಾಯಿಗಿಡೋರು. ರಸ ಗಲ್ಲಕ್ಕಿಳಿದ್ರೆ ತಮ್ ಶಾಲಲ್ಲೇ ಒರೆಸೋರು.”

ಅದು ಪರೀವಶಳದೇ ಖರಬೂಜ, ಪರೀವಶಳದೇ ಗಲ್ಲ. ಮುದುಕಿಯ ಮುಖ ಕಪ್ಪಿಟ್ಟಿತು. “ಶಾಲಲ್ಲಾ? ಈ ಸೊಟ್ಟ ಮೂತಿಗಾ? ಏನ್ ಮದ್ದು ಹಾಕಿದ್ಯೇ, ಸವತಿ ಮುಂಡೆ!” ಎಂದು ಬಾಯಲ್ಲಿದ್ದ ವೀಳ್ಯವನ್ನು ಅವಳ ಮೇಲೆ ಉಗಿದಳು.

ಶಗುಫ್ತಾಳಿಗೆ ಹಬ್ಬವಾಯಿತು. ಕುಪ್ಪಸದ ಮೇಲಿನ ಕೆಂಪನ್ನು ಒರೆಸಿಕೊಳ್ಳಲೂ ಇಲ್ಲ.

ಪರೀವಶ್ ಅವಳ ಕೈ ಹಿಡಿದುಕೊಂಡಳು. “ಮತ್ತೆ ನನ್ ಹತ್ರ? ನನ್ ಹತ್ರ ಬರ್ಲೇ ಇಲ್ವಾ?”

ಬರುತ್ತಿದ್ದರು ಅಂದಿದ್ದರೆ ಮುಗಿದುಹೋಗುತ್ತಿತ್ತು. ಶಗುಫ್ತಾ ಅನ್ನಲಿಲ್ಲ.

“ಇಲ್ಲ ಬೇಗಂ ಸಾಹೇಬಾ. ದಿನಾ ಸಂಜೆ ಮಲ್ಲಿಗೆ ಮುಡ್ಕೊಂಡು ಬಾಗಿಲು ಕಾಯ್ತಿದ್ರಿ. ಅವ್ರು ಹಂಗೇ ದಾಟಿ ಹೋಗೋರು.”

“ಒಂದ್ಸಲಾನೂ ತಿರುಗಿ ನೋಡ್ಲಿಲ್ವಾ?”

“ಇಲ್ಲ.”

ಪರೀವಶ್ ಬಿಕ್ಕಿ ಬಿಕ್ಕಿ ಅತ್ತಳು. ಗೆದ್ದ ಖುಷಿಯಲ್ಲಿ ಇನ್ನೇನೋ ಹೇಳಹೊರಟ ಶಗುಫ್ತಾ ಆ ಅಳುವ ಮುಖ ನೋಡಿದಳು. ತನ್ನ ಆ ಸಂಜೆಗಳಿಗಾಗಿ ಅದುವರೆಗೆ ಯಾರೂ ಅತ್ತಿರಲಿಲ್ಲ. ಅವಳೂ ಪಕ್ಕದಲ್ಲಿ ಕುಸಿದು ಕೂತು ಅತ್ತಳು.