ಘಂಟಿಯ ಸುತ್ತ ನಾಲ್ಕು ಕೈ

ಅಳೆಯುವುದು ನನಗೆ ಚೆನ್ನಾಗಿ ಬರುತ್ತದೆ. ಹಾಗೆ ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ವಡೋದರಾದ ಗೋರ್ವಾದಲ್ಲಿ ಒಂದು ಸಣ್ಣ ಕಂಪನಿಯಲ್ಲಿ ನನ್ನ ಕೆಲಸ. ಕಾರ್ಖಾನೆಗಳ ಯಂತ್ರಕ್ಕೆ ಸೆನ್ಸರ್ ಅಂಟಿಸುತ್ತೇವೆ, ಅದು ಹಿಡಿದ ನಡುಕವೆಲ್ಲ ಟಿಫಿನ್ ಡಬ್ಬಿಯಂಥ ಒಂದು ಪೆಟ್ಟಿಗೆಯೊಳಗೆ ಜಮೆಯಾಗುತ್ತದೆ. ಆ ಪೆಟ್ಟಿಗೆಯ ಮೆಮೊರಿ ಮಾತ್ರ ಬಲು ಚಿಕ್ಕದು. ಸೆಕೆಂಡಿಗೆ ಸಾವಿರ ಸಲ ಅಳೆದರೆ ಮಧ್ಯಾಹ್ನದ ಊಟದ ಹೊತ್ತಿಗೆ ತುಂಬಿಹೋಗುತ್ತದೆ. ಸೆಕೆಂಡಿಗೆ ಒಂದೇ ಸಲ ಅಳೆದರೆ ತಿಂಗಳುಗಟ್ಟಲೆ ಸಾಲುತ್ತದೆ, ಆದರೆ ಹಿಡಿಯಬೇಕಾದದ್ದು ನಡುವೆ ನುಸುಳಿಕೊಂಡು ಹೋಗುತ್ತದೆ. ಏನನ್ನು ಇಟ್ಟುಕೊಳ್ಳಬೇಕು, ಏನನ್ನು ಬಿಡಬೇಕು ಎಂದು ಗೊತ್ತುಮಾಡುವುದಕ್ಕೇ ನನಗೆ ಸಂಬಳ.

ಹೋಳಿ ಕಳೆದ ಮೇಲೆ ಸೂರತ್‌ನ ಕತಾರ್‌ಗಾಮ್‌ನಿಂದ ಒಬ್ಬ ವಜ್ರದ ಕಾರ್ಖಾನೆಯ ಮಾಲೀಕರು ಕರೆಸಿಕೊಂಡರು. ಅಲ್ಲಿ ವಜ್ರ ಉಜ್ಜುವ ಚಕ್ರಕ್ಕೆ ಘಂಟಿ ಅನ್ನುತ್ತಾರೆ. ಒಂದು ಘಂಟಿಯ ಸುತ್ತ ನಾಲ್ವರು ಕೂತು, ಒಬ್ಬೊಬ್ಬರೂ ಕೈಯಲ್ಲಿನ ಲೋಹದ ಹಿಡಿಗೆ ಕಲ್ಲು ಸಿಕ್ಕಿಸಿ ಅದೇ ಚಕ್ರಕ್ಕೆ ಒತ್ತುತ್ತಾರೆ. ಒಂದು ಘಂಟಿಯಲ್ಲಿ ಎಲ್ಲರಿಗಿಂತ ಹಿರಿಯನ ಕೈಯಲ್ಲಿ ಕಲ್ಲುಗಳು ಹಾಳಾಗುತ್ತಿದ್ದವು. ನುಣುಪಾದ ಮುಖದ ಮೇಲೆ ಇದ್ದಕ್ಕಿದ್ದಂತೆ ಒಂದು ಗೀರು. ಇಪ್ಪತ್ತು ವರ್ಷಕ್ಕೂ ಮೇಲೆ ಅಲ್ಲೇ ಕೂತ ಮನುಷ್ಯ. ಕೈ ನಡುಗಲು ಶುರುವಾಗಿದೆ, ಇನ್ನು ಕೆಲಸದಿಂದ ಏಳಿಸಬೇಕು ಎಂಬ ಮಾತು ಆಗಲೇ ಹೊರಟಿತ್ತು. ಆದರೆ ಅಷ್ಟು ಹಳಬನನ್ನು ಬರೀ ಅನುಮಾನದ ಮೇಲೆ ಏಳಿಸಲು ಮಾಲೀಕರಿಗೆ ಮನಸ್ಸು ಬರಲಿಲ್ಲ.

"ಅವನ ಹಿಡಿಗೆ ನಿಮ್ಮ ಸೆನ್ಸರ್ ಹಾಕಿ ಬೆನ್. ಎಷ್ಟು ಸೂಕ್ಷ್ಮವಾಗಿ ಆಗುತ್ತೋ ಅಷ್ಟು," ಎಂದರು. ಅಲ್ಲಿ ಹೆಂಗಸರೆಲ್ಲ ಬೆನ್, ಅಂದರೆ ಅಕ್ಕ. ಮೊಬೈಲ್, ಇಂಟರ್ನೆಟ್ ಯಾವುದೂ ಕಾರ್ಖಾನೆಯೊಳಗೆ ಬರುವಂತಿಲ್ಲ, ವಜ್ರದವರ ಕಟ್ಟುಪಾಡು ಅದು. ಎಲ್ಲವೂ ಆ ಪೆಟ್ಟಿಗೆಯಲ್ಲೇ ಹಿಡಿಸಬೇಕು.

ನನ್ನ ಬಾಸ್ ಕೂಡಲೇ ಒಪ್ಪಿಕೊಂಡರು. ಒಂದೇ ಸೆನ್ಸರ್ ಆದರೆ ಇಡೀ ಮೆಮೊರಿ ಅದಕ್ಕೇ, ಪರದೆಯ ಮೇಲೆ ನಡುಕದ ಗೆರೆ ಕೂದಲೆಳೆಯಷ್ಟು ಸೂಕ್ಷ್ಮವಾಗಿ ಕಾಣುತ್ತದೆ. ನನಗೆ ಮಾತ್ರ ಮೈ ಉರಿಯಿತು. ಒಬ್ಬನ ಕೈಯನ್ನೇ ಅಷ್ಟು ಹತ್ತಿರದಿಂದ ನೋಡಿದರೆ ನಡುಕ ಕಾಣದೆ ಇರುತ್ತದೆಯೇ? ಪಕ್ಕದವರದನ್ನು ಅಳೆಯದೆ ಇವನದು ಹೆಚ್ಚು ಅನ್ನುವುದಾದರೂ ಹೇಗೆ?

ಮನೆಗೆ ಬಂದು ನನ್ನ ಜೊತೆ ಫ್ಲಾಟ್ ಹಂಚಿಕೊಂಡಿರುವ ಹಾವೇರಿಯ ಗೆಳತಿಯ ಮುಂದೆ ಕೂಗಾಡಿದೆ. ಅವಳು ಚಪಾತಿ ಲಟ್ಟಿಸುತ್ತಾ, "ನೀ ಏನ್ ಕಡಿಮಿ? ಫೋನ್ ತುಂಬೇತಿ ಅಂತ ನಮ್ದೆಲ್ಲಾ ಫೋಟೋ ಅಳಿಸಿದಿ, ಆ ಬೆಕ್ಕಿನ್ವು ಮಾತ್ರ ನಲವತ್ತ ಇಟ್ಕೊಂಡಿ," ಎಂದು ನಕ್ಕಳು.

ಮರುದಿನ ಬಾಸ್‌ಗೆ ಕಡ್ಡಿ ಮುರಿದಂತೆ ಹೇಳಿದೆ: ನಾಲ್ಕು ಹಿಡಿಗೂ ಸೆನ್ಸರ್, ಇಲ್ಲದಿದ್ದರೆ ನಾನು ಹೋಗುವುದಿಲ್ಲ. ಮೆಮೊರಿ ನಾಲ್ಕು ಪಾಲಾಗುತ್ತದಲ್ಲ ಎಂದು ಅವರು ತಲೆ ಕೆರೆದುಕೊಂಡರು. ಆಗಲಿ ಬಿಡಿ ಎಂದೆ. ಪೆಟ್ಟಿಗೆ ನಾಲ್ಕನ್ನೂ ಸೂಕ್ಷ್ಮವಾಗಿಯೇ ಅಳೆಯಲಿ, ಆದರೆ ಕೊನೆಯ ಕೆಲವು ಸೆಕೆಂಡುಗಳನ್ನಷ್ಟೇ ನೆನಪಿಟ್ಟುಕೊಂಡು ಹಳೆಯದರ ಮೇಲೇ ಹೊಸದನ್ನು ಬರೆಯುತ್ತಾ ಹೋಗಲಿ. ನಾಲ್ಕರಲ್ಲಿ ಯಾವುದೇ ಹಿಡಿ ಬೆಚ್ಚಿದರೂ ಆ ಗಳಿಗೆಯ ನಾಲ್ಕೂ ಗೆರೆಗಳನ್ನು ಎತ್ತಿಡಲಿ. ಉಳಿದಂತೆ ದಿನವಿಡೀ ಸುಮ್ಮನೆ ಉಜ್ಜಿದ್ದು ನಮಗೆ ಬೇಡ. ಪ್ರೋಗ್ರಾಂ ನಾನೇ ಬರೆದೆ. ಈಗ ನೋಡಿದರೂ ಅದರಲ್ಲಿ ಒಂದು ಸಾಲನ್ನೂ ಬದಲಿಸಬೇಕು ಅನ್ನಿಸುವುದಿಲ್ಲ.

ಸೆನ್ಸರ್ ಅಂಟಿಸುವಾಗ ಆ ಹಿರಿಯರು ರಕ್ತಪರೀಕ್ಷೆಗೆ ಕೂತವರ ಹಾಗೆ ಕೈ ಚಾಚಿ ಮುಖ ಆಚೆ ತಿರುಗಿಸಿಕೊಂಡರು. ಉಳಿದ ಮೂವರಿಗೂ ಅಂಟಿಸಿದ್ದನ್ನು ಕಂಡು ಮಾಲೀಕರು ಹುಬ್ಬೇರಿಸಿದರು. ನಾನು ಪೆಟ್ಟಿಗೆ ಚಾಲೂ ಮಾಡಿ ಹೊರಟೆ.

ವಾರ ಬಿಟ್ಟು ಬಂದು ಪೆಟ್ಟಿಗೆಗೆ ಲ್ಯಾಪ್‌ಟಾಪ್ ಜೋಡಿಸಿ ತೆರೆದೆ. ಪೆಟ್ಟಿಗೆ ಎತ್ತಿಟ್ಟ ಪ್ರತಿಯೊಂದು ಗಳಿಗೆಯಲ್ಲೂ ನಾಲ್ಕು ಗೆರೆಗಳೂ ಒಟ್ಟೊಟ್ಟಿಗೆ ಎದ್ದಿದ್ದವು. ರೆಪ್ಪೆ ಬಡಿಯುವುದಕ್ಕಿಂತ ಚಿಕ್ಕ ಒದೆತ, ನಾಲ್ಕಕ್ಕೂ ಒಂದೇ ಹೊತ್ತಿನಲ್ಲಿ. ಅಂದರೆ ಅದು ಯಾರ ಕೈಯಿಂದಲೂ ಬಂದದ್ದಲ್ಲ. ತಲೆಯೆತ್ತಿ ಸೂರು ನೋಡಿದೆ. ಈ ಘಂಟಿಯ ನೇರ ಮೇಲಿನ ಮಹಡಿಗೆ ಈಚೆಗಷ್ಟೇ ಸೀರೆಗೆ ಕಸೂತಿ ಹಾಕುವ ದೊಡ್ಡ ಯಂತ್ರಗಳು ಬಂದಿದ್ದವು. ಮಾಲೀಕರನ್ನು ಪರದೆಯ ಮುಂದೆ ಕೂರಿಸಿ ಮೇಲಕ್ಕೆ ಓಡಿಹೋಗಿ, ಯಂತ್ರ ನಿಲ್ಲಿಸಿ ಮತ್ತೆ ಚಾಲೂ ಮಾಡಿ ಎಂದು ಅಲ್ಲಿಯವರಿಗೆ ಹೇಳಿದೆ. ಅವರು ಗುಂಡಿ ಒತ್ತಿದ್ದೇ ತಡ, ಕೆಳಗಿನಿಂದ ಮಾಲೀಕರು, "ಬಂತು, ಬಂತು!" ಎಂದು ಕೂಗುವುದು ಮೆಟ್ಟಿಲವರೆಗೂ ಕೇಳಿಸಿತು.

ಹಾಗಾದರೆ ಗೀರು ಆ ಹಿರಿಯರ ಕಲ್ಲಿಗೇ ಯಾಕೆ? ಅದಕ್ಕೂ ಮಾಲೀಕರ ಬಾಯಲ್ಲೇ ಉತ್ತರ ಸಿಕ್ಕಿತು. ನಂಬಿಕಸ್ಥ ಎಂದು ದೊಡ್ಡ ಕಲ್ಲುಗಳೆಲ್ಲ ಇವರಿಗೇ ಹೋಗುತ್ತಿದ್ದವು. ಸಣ್ಣ ಕಲ್ಲಿನ ಗೀರನ್ನು ಇನ್ನೊಮ್ಮೆ ಉಜ್ಜಿದರೆ ಅಳಿಸಿಬಿಡಬಹುದು, ಯಾರಿಗೂ ಗೊತ್ತಾಗುವುದಿಲ್ಲ. ದೊಡ್ಡದರಲ್ಲಿ ಮುಚ್ಚಿಡಲು ಆಗುವುದಿಲ್ಲ.

ಮಾಲೀಕರು ತಾವೇ ಚಹಾ ತಂದು ಅವರ ಕೈಗೆ ಕೊಟ್ಟರು. "ಘಂಟಿ ಬೇರೆ ಕಡೆ ಹಾಕಿಸುತ್ತೇನೆ. ನಿಮ್ಮ ಜಾಗ ನಿಮ್ಮದೇ," ಎಂದರು. ಹಿರಿಯರು ಚಹಾ ಕುಡಿಯಲಿಲ್ಲ. ಪರದೆಯ ಮೇಲಿನ ನಾಲ್ಕು ಗೆರೆಗಳನ್ನೇ ನೋಡುತ್ತಿದ್ದರು. ನಂತರ ಉಳಿದ ಮೂವರ ಕಡೆ ತಿರುಗಿ, "ನಿಮ್ಮ ಕೈಗೂ ಬಡೀತಿತ್ತಾ?" ಎಂದು ಕೇಳಿದರು.

ನನಗೆ ಆ ಮೂವರ ಮೇಲೆ ಕೆಟ್ಟ ಸಿಟ್ಟು ಬಂತು. ಇಷ್ಟು ದಿನ ಬಾಯಿ ಮುಚ್ಚಿಕೊಂಡು ಕೂತಿದ್ದರಲ್ಲ ಎಂದು ಜೋರು ಮಾಡುವುದರಲ್ಲಿದ್ದೆ. ಅಷ್ಟರಲ್ಲಿ ಎದುರಿನ ಜಾಗದವನು ನಿಧಾನವಾಗಿ ಹೇಳಿದ: "ಬಡೀತಿತ್ತು ಭಾಯಿ. ನನ್ನ ಕೈಯೇ ನಡುಗ್ತಿದೆ ಅಂದ್ಕೊಂಡೆ. ಹೇಳಿದರೆ ನನ್ನನ್ನೂ ಏಳಿಸ್ತಾರೆ ಅಂತ ಹೆದರಿದೆ."

ಪಕ್ಕದ ಇಬ್ಬರೂ ತಲೆಯಾಡಿಸಿದರು.

ಹಿರಿಯರು ತಮ್ಮ ಬಲಗೈಯನ್ನು ಒಮ್ಮೆ ಮಡಚಿ ಬಿಡಿಸಿ ನೋಡಿಕೊಂಡರು.

"ನಾನೂ ಹಾಗೇ ಅಂದ್ಕೊಂಡಿದ್ದೆ," ಎಂದರು.