ದಾರ ಕಟ್ಟದ ಗಿಟಾರ್

ಅಕ್ಕ ಮೇಸ್ತ್ರಿಯನ್ನು ಮೊದಲು ಕಂಡ ದಿನ ಮೇಸ್ತ್ರಿ ಅವಳ ಮುಖವನ್ನೇ ನೋಡಲಿಲ್ಲ.

ಗಂಡ ತೀರಿಕೊಂಡು ಏಳು ತಿಂಗಳಾಗಿತ್ತು. ಕೆಲಸ ಕೇಳಿಕೊಂಡು ಆ ಬೀದಿಯ ಅಂಗಡಿಗಳನ್ನು ಒಂದೊಂದಾಗಿ ಹತ್ತಿಳಿದು, ಕೊನೆಗೆ ವಾದ್ಯ ರಿಪೇರಿಯ ಅಂಗಡಿಯ ಬಾಗಿಲು ತಳ್ಳಿದಳು. ಒಳಗೆ ಸಣಕಲು ಆಳೊಬ್ಬ ಬೆಂಚಿನ ಮೇಲೆ ಬಗ್ಗಿ, ಗಿಟಾರಿನ ಹಲಗೆಯ ಮೇಲೆ ಮರದ ಪಟ್ಟಿಯೊಂದನ್ನು ಎರಡೂ ಕೈಯಿಂದ ಒತ್ತಿ ಹಿಡಿದಿದ್ದ.

"ಬಾಗಿಲು ಹಾಕಿ. ತಣ್ಣನೆ ಗಾಳಿಗೆ ಅಂಟು ಕೆಟ್ಟುಹೋಗುತ್ತೆ," ಎಂದ, ತಲೆ ಎತ್ತದೆ. ಅವಳು ಹಾಕಿದಳು. "ಕೈ ಒದ್ದೆ ಇದೆಯಾ?"

"ಇಲ್ಲ."

"ಹಾಗಾದ್ರೆ ಬನ್ನಿ, ಇಲ್ಲಿ ಒತ್ತಿ ಹಿಡ್ಕೊಳ್ಳಿ. ಕ್ಲ್ಯಾಂಪು ಈಗಷ್ಟೇ ಮುರೀತು. ಅಲ್ಲಾಡಬೇಡಿ."

ಅವಳು ಹಿಡಿದುಕೊಂಡಳು. ಆತ ಒಳಗೆ ಹೋಗಿ ಇನ್ನೊಂದು ಕ್ಲ್ಯಾಂಪು ಹುಡುಕಿ, ಅದರ ತಿರುಪು ಸರಿಮಾಡಿ ಬರುವಷ್ಟರಲ್ಲಿ ಅರ್ಧ ಗಂಟೆ ಆಯಿತು. ಮೂಗು ತುರಿಸಿದರೂ ಅವಳು ಕೈ ತೆಗೆಯಲಿಲ್ಲ. ಆತ ಬಂದು ಪಟ್ಟಿಯನ್ನು ಉಗುರಿನಿಂದ ತಟ್ಟಿ ನೋಡಿದ. ಒಂದು ಕೂದಲೆಳೆಯಷ್ಟೂ ಸರಿದಿರಲಿಲ್ಲ. ಆಮೇಲೆ ಕೇಳಿದ, "ಅಂದ ಹಾಗೆ, ನೀವು ಯಾರು?"

"ಕೆಲಸ ಕೇಳೋಣ ಅಂತ ಬಂದೆ."

"ಕೇಳೋ ಮುಂಚೆಯೇ ಮಾಡಿಬಿಟ್ರಲ್ಲ. ನಾಳೆಯಿಂದ ಬನ್ನಿ ಅಕ್ಕಾ."

ಮೇಸ್ತ್ರಿ ಅವಳಿಗಿಂತ ನಾಲ್ಕು ವರ್ಷ ಚಿಕ್ಕವನು. ಆತ ಅಕ್ಕ ಎಂದ ಮೇಲೆ ಬೀದಿಯೆಲ್ಲ ಅಕ್ಕ ಎಂದಿತು. ಯಾವಾಗಲೂ ಹೆಗಲ ಮೇಲೆ ಒರೆಸುವ ಬಟ್ಟೆ ಇರುತ್ತಿದ್ದುದರಿಂದ ಪಕ್ಕದ ಗಡಿಯಾರದ ಅಂಗಡಿಯವನು ಅದಕ್ಕೆ ಇನ್ನೊಂದು ಸೇರಿಸಿ 'ಬಟ್ಟೆ ಅಕ್ಕ' ಮಾಡಿದ. ಮೇಸ್ತ್ರಿಗಂತೂ ಮೊದಲಿನಿಂದಲೂ 'ಅಂಟು ಮೇಸ್ತ್ರಿ' ಎಂದೇ ಹೆಸರು. ಆತ ಒಲೆಯ ಮೇಲೆ ತೊಗಲಿನ ಅಂಟು ಕಾಯಿಸುವಾಗ ಗಡಿಯಾರದವನು ಮೂಗು ಮುಚ್ಚಿಕೊಂಡು ಹಾದುಹೋಗುತ್ತ, "ಏನಪ್ಪಾ, ಇವತ್ತು ಯಾರ ಬೂಟು ಬೇಯಿಸ್ತಿದ್ದೀಯ?" ಎನ್ನುತ್ತಿದ್ದ.

ಮೇಸ್ತ್ರಿಗೆ ಹೆಂಡತಿ ಮಕ್ಕಳಿರಲಿಲ್ಲ. ತಂಗಿಯ ಮನೆಯ ಮಹಡಿಯಲ್ಲಿ ಒಂದು ಕೋಣೆ, ಅದೇ ಸಂಸಾರ. ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಅಂಗಡಿಯೆಲ್ಲ ಹುಡುಕುವುದು ದಿನದ ಪಾಡು. ಇಷ್ಟು ವಾದ್ಯಗಳಿಗೆ ಜೀವ ಕೊಟ್ಟವನಿಗೆ ನುಡಿಸಲು ಬರುತ್ತಿರಲಿಲ್ಲ. ರಿಪೇರಿ ಮುಗಿದ ಮೇಲೆ ಒಂದೊಂದು ತಂತಿಯನ್ನು ಒಂದೊಂದು ಸಲ ಮೀಟಿ, ಕೆನ್ನೆಯನ್ನು ಮರಕ್ಕೆ ಆನಿಸಿ, ಸದ್ದು ಸಾಯುವ ತನಕ ಕಣ್ಣು ಮುಚ್ಚಿಕೊಂಡಿರುತ್ತಿದ್ದ. ಅಷ್ಟೇ ಅವನ ಸಂಗೀತ.

ಅಕ್ಕನಿಗೆ ಅಕ್ಷರ ಅಷ್ಟಕ್ಕಷ್ಟೇ. ಚೀಟಿಯಲ್ಲಿ ಬರೆದದ್ದನ್ನು ಕೂಡಿಸಿ ಓದುವುದರೊಳಗೆ ಅಂಟು ಒಣಗುತ್ತಿತ್ತು. ಅದಕ್ಕೇ ಮೇಸ್ತ್ರಿ ಅವಳಿಗಾಗಿ ದಾರದ ಕ್ರಮ ಮಾಡಿದ. ವಾದ್ಯದ ಕತ್ತಿಗೆ ಕೆಂಪು ದಾರ ಕಟ್ಟಿದ್ದರೆ ಕೈ ಹಚ್ಚಬಾರದು. ಹಸಿರು ಕಟ್ಟಿದ್ದರೆ ಕೆಲಸ ಮುಗಿದಿದೆ, ಪಾಲಿಶ್ ಮಾಡಬೇಕು. ದಾರವೇ ಇಲ್ಲದೆ ಕಿಟಕಿ ಪಕ್ಕದ ಮೇಜಿನ ಮೇಲಿದ್ದರೆ ಹೊಸದಾಗಿ ಬಂದದ್ದು, ಮೊದಲು ಕೊಳೆ ತೆಗೆಯಬೇಕು. ಇಪ್ಪತ್ತೊಂದು ವರ್ಷ ಆ ಕ್ರಮ ಒಮ್ಮೆಯೂ ತಪ್ಪಲಿಲ್ಲ.

ಇಪ್ಪತ್ತೆರಡನೆಯ ವರ್ಷ ದೊಡ್ಡ ವಾದಕರೊಬ್ಬರ ಗಿಟಾರ್ ಬಂತು.

ವಾದಕರು ತೀರಿಹೋಗಿ ಇನ್ನೂ ಮೂರು ತಿಂಗಳಾಗಿರಲಿಲ್ಲ. ಅವರ ಹೆಸರು ಕೇಳದವರು ಆ ಊರಲ್ಲಿರಲಿಲ್ಲ. ಮೇಸ್ತ್ರಿ ಹುಡುಗನಾಗಿದ್ದಾಗ, ಒಳಗೆ ಜಾಗವಿಲ್ಲದೆ ಸಭಾಂಗಣದ ಹಿಂದಿನ ಗೋಡೆಗೆ ಕಿವಿಗೊಟ್ಟು ಅವರ ಕಛೇರಿ ಕೇಳಿದ್ದನಂತೆ. ಪೆಟ್ಟಿಗೆ ತೆರೆದಾಗ ಆತ ಕೈಯನ್ನು ಪ್ಯಾಂಟಿಗೆ ಎರಡು ಸಲ ಒರೆಸಿಕೊಂಡ. ಜೊತೆಗೆ ಬಂದಿದ್ದವರು ಇಬ್ಬರು: ವಾದಕರ ಹೆಂಡತಿ ಮತ್ತು ನಡುವಯಸ್ಸಿನ ಶಿಷ್ಯ.

"ಹಲಗೆ ಉಬ್ಬಿದೆ, ಎರಡು ಕಡೆ ಬಿರುಕು," ಎಂದ ಶಿಷ್ಯ. "ನೀವು ಕೈ ಹಾಕಿದ್ರೆ ಇನ್ನೂ ಐವತ್ತು ವರ್ಷ ನುಡಿಯುತ್ತೆ ಮೇಸ್ತ್ರಿ. ಗುರುಗಳಿಗೆ ಬೇಕಾಗಿದ್ದದ್ದು ಅದು. ಗಾಜಿನ ಕಪಾಟಲ್ಲಿ ಮಲಗೋದಲ್ಲ."

"ನಿನ್ನ ಗುರುಗಳಿಗೆ ಏನು ಬೇಕಿತ್ತು ಅಂತ ನನಗೆ ಹೇಳಿಕೊಡ್ತೀಯೇನಪ್ಪಾ?" ಎಂದರು ಆ ಅಮ್ಮ. "ಊಟ ಆರಿಹೋಗ್ಲಿ ಅಂತ ಬಿಟ್ಟು ಇದನ್ನ ತಬ್ಬಿಕೊಂಡು ಕೂತಿರ್ತಿದ್ರು. ಇದು ನನ್ನ ಸವತಿ. ಸವತೀನ ನಾನೇ ಇಟ್ಕೊಳ್ತೀನಿ. ಹೇಗಿದ್ದಾಳೋ ಹಾಗೇ ಇರ್ಲಿ. ಇನ್ನು ಕೆಡದ ಹಾಗೆ ಏನು ಮಾಡ್ಬೇಕೋ ಅಷ್ಟು ಮಾಡಿಕೊಡಿ ಮೇಸ್ತ್ರಿ."

ಇಬ್ಬರೂ ಮೇಸ್ತ್ರಿಯ ಮುಖ ನೋಡಿದರು. ಆತ ಬಿರುಕಿನ ಮೇಲೆ ಉಗುರು ಆಡಿಸುತ್ತ, "ಎಂಟು ದಿನ ಕೊಡಿ, ನೋಡಿ ಹೇಳ್ತೀನಿ," ಎಂದ.

ಏಳು ದಿನ ಗಿಟಾರ್ ಬೀರುವಿನೊಳಗೇ ಇತ್ತು. ಸಂಜೆ ಆತ ಅದನ್ನು ತೆಗೆಯುವುದು, ಪುಟ್ಟ ಕನ್ನಡಿ ತೂರಿಸಿ ಒಳಗೆ ನೋಡುವುದು, ನಿಟ್ಟುಸಿರು ಬಿಟ್ಟು ಮತ್ತೆ ಒಳಗಿಡುವುದು. ಅನ್ನ ಸೇರುತ್ತಿರಲಿಲ್ಲ. ಗಡಿಯಾರದವನು, "ಹೆಣ್ಣು ನೋಡೋಕೆ ಹೋದವನ ಹಾಗಾಗಿದ್ದೀಯಲ್ಲೋ," ಎಂದರೂ ನಗಲಿಲ್ಲ.

ಎಂಟನೆಯ ದಿನ ಬೆಳಿಗ್ಗೆ ಅಕ್ಕ ಬಂದಾಗ ಗಿಟಾರ್ ಕಿಟಕಿ ಪಕ್ಕದ ಮೇಜಿನ ಮೇಲಿತ್ತು. ಕತ್ತಿನಲ್ಲಿ ದಾರವಿರಲಿಲ್ಲ. ಮೇಸ್ತ್ರಿ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದ. "ತಂತಿ ತರೋಕೆ ಹೋಗ್ತಿದ್ದೀನಿ ಅಕ್ಕಾ. ಮಧ್ಯಾಹ್ನ ಅವರು ಬರ್ತಾರೆ," ಎಂದು ಹೊರಟುಹೋದ.

ಕೇಳಬೇಕಿತ್ತು. ಆತ ಬೀದಿ ತಿರುಗುವ ತನಕ ಹೊತ್ತಿತ್ತು. ಹೇಗಿದೆಯೋ ಹಾಗೇ ಇರಲಿ ಎಂದದ್ದನ್ನು ಅವಳ ಕಿವಿಯೇ ಕೇಳಿತ್ತು. ಆದರೆ ಒರೆಸುವುದೆಂದರೆ ಬದಲಾಯಿಸುವುದು ಎಂದು ಅವಳಿಗೆ ಯಾವತ್ತೂ ಅನಿಸಿರಲಿಲ್ಲ. ಮನೆ ಗುಡಿಸಿದರೆ ಮನೆ ಬೇರೆಯಾಗುತ್ತದೆಯೇ? ದೊಡ್ಡವರ ಮನೆಯ ಹೆಂಗಸು ಬರುವಾಗ ಕೊಳಕಾಗಿರುವುದನ್ನು ಎದುರಿಗಿಡುವುದು ಹೇಗೆ? ಅವಳು ಒದ್ದೆ ಬಟ್ಟೆ, ಒಣ ಬಟ್ಟೆ, ಮೆತ್ತನೆ ಬಟ್ಟೆ ಮೂರನ್ನೂ ಸಾಲಾಗಿ ಇಟ್ಟುಕೊಂಡು ಕೂತಳು.

ಹಿಂಭಾಗ ಒರೆಸಿದಳು, ಪಕ್ಕ ಒರೆಸಿದಳು. ಮುಂದಿನ ಹಲಗೆಯ ಮೇಲಂಚಿನಲ್ಲಿ ಅಂಗೈಯಗಲದ ಕಪ್ಪು ಕಲೆಯಿತ್ತು. ನೀರಿಗೆ ಹೋಗಲಿಲ್ಲ. ಎರಡು ಹನಿ ಸೋಪಿನ ನೀರು ಬಿಟ್ಟಳು. ಬಟ್ಟೆಗೆ ಚಹದ ಬಣ್ಣ ಬಂತು. ಕೊಳೆ ಬಿಡುತ್ತಿದೆಯೆಂದು ಅವಳಿಗೆ ಖುಷಿಯೇ ಆಯಿತು. ಅರ್ಧ ಹೋದ ಮೇಲೆ, ಬೆಳಕಿಗೆ ಓರೆಯಾಗಿಸಿ ನೋಡಿದಾಗ ಉಳಿದರ್ಧದ ಆಕಾರ ಕಣ್ಣಿಗೆ ಬಿತ್ತು. ಮಣಿಕಟ್ಟಿನ ಕಡೆ ಸಣ್ಣಗೆ, ಮೊಣಕೈ ಕಡೆ ಅಗಲವಾಗಿ. ಅದು ಕೊಳೆಯಾಗಿರಲಿಲ್ಲ. ಒಬ್ಬ ಮನುಷ್ಯ ಐವತ್ತು ವರ್ಷ ಅಲ್ಲೇ ತೋಳು ಊರಿದ್ದ.

ಅವಳ ಬಟ್ಟೆ ಹಿಡಿದ ಕೈ ಅಲ್ಲೇ ನಿಂತಿತು. ಅರ್ಧ ಇದೆ, ಅರ್ಧ ಇಲ್ಲ. ಹೀಗೇ ಬಿಟ್ಟರೆ ನೋಡಿದ ತಕ್ಷಣ ಗೊತ್ತಾಗುತ್ತದೆ, ಯಾರೋ ತಿಳಿಯದೆ ಒರೆಸಿ ಗಾಬರಿಯಾಗಿ ಬಿಟ್ಟಿದ್ದಾರೆಂದು. ಪೂರ್ತಿ ಹೋದರೆ ಒಂದು ಅಂದವಾದರೂ ಇರುತ್ತದೆ. ಹಾಗೆ ಯೋಚಿಸಿ ಅವಳು ಉಳಿದರ್ಧವನ್ನೂ ಒರೆಸಿದಳು.

ಮೊದಲರ್ಧವನ್ನು ಅವಳು ತಿಳಿಯದೆ ಒರೆಸಿದ್ದು. ಎರಡನೆಯರ್ಧ ಹಾಗಲ್ಲ.

ಮಧ್ಯಾಹ್ನ ಮೇಸ್ತ್ರಿ ತಂತಿ ತಂದ ಹಿಂದೆಯೇ ಶಿಷ್ಯನ ಜೊತೆ ಆ ಅಮ್ಮ ಬಂದರು. ಯಾರ ಕಡೆಯೂ ನೋಡದೆ ನೇರವಾಗಿ ಆ ಅಂಚಿಗೇ ಕೈ ಒಯ್ದರು. ಕೈ ಅಲ್ಲಿ ತಡಕಾಡಿತು.

"ಇಲ್ಲಿದ್ದದ್ದು ಎಲ್ಲಿ?"

ಶಿಷ್ಯ ಬಗ್ಗಿ ನೋಡಿದ. ಮೇಸ್ತ್ರಿಯೂ ನೋಡಿದ. ಆಮೇಲೆ ಅವನ ಕಣ್ಣು ಒಂದು ಗಳಿಗೆ ಅಕ್ಕನ ಕೈಯಲ್ಲಿದ್ದ ಬಟ್ಟೆಯ ಮೇಲೆ ನಿಂತು ಸರಿಯಿತು.

"ನಾನು ಒರೆಸಿದೆ," ಎಂದ.

ಅಕ್ಕನಿಗೆ 'ಅಲ್ಲ, ನಾನು' ಎನ್ನಲು ಎರಡು ಮಾತು ಸಾಕಿತ್ತು. ಅವಳು ಬಟ್ಟೆಯನ್ನು ಸೆರಗಿನ ಒಳಗೆ ಸೇರಿಸಿಕೊಂಡು ನಿಂತಳು.

ಆ ಅಮ್ಮ ಕೂಗಾಡಲಿಲ್ಲ. "ಇನ್ನು ನನಗಿದು ಬೇಡ. ನೀವೂ ಇವನೂ ಸೇರಿ ಏನು ಬೇಕಾದ್ರೂ ಮಾಡ್ಕೊಳ್ಳಿ," ಎಂದು ಮೆಟ್ಟಿಲಿಳಿದು ಹೋದರು.

ಅಲ್ಲಿಗೆ ತೀರ್ಮಾನವಾದಂತೆಯೇ ಆಯಿತು. ಮೇಸ್ತ್ರಿ ಎರಡು ತಿಂಗಳು ಕೂತು ಹಲಗೆಯ ಉಬ್ಬು ಇಳಿಸಿದ, ಬಿರುಕು ಕೂಡಿಸಿದ, ಹೊಸ ತಂತಿ ಕಟ್ಟಿದ. ಕೆನ್ನೆ ಆನಿಸಿ ಕೇಳುವಾಗ ಅವನ ಕಣ್ಣಂಚು ಒದ್ದೆಯಾದದ್ದನ್ನು ಅಕ್ಕ ನೋಡಿದಳು. ಶಿಷ್ಯ ಅದನ್ನು ಊರೂರಿನಲ್ಲಿ ನುಡಿಸಿದ, ಜನ ಹೊಗಳಿದರು. ಆ ಅಮ್ಮ ಒಂದು ಸಲವೂ ಕೇಳಲು ಹೋಗಲಿಲ್ಲ. 'ಸತ್ತವರ ಗುರುತು ಅಳಿಸಿದ ಕೈ' ಎಂಬ ಮಾತು ವಾದಕರ ನಡುವೆ ಹಬ್ಬಿತು. ಹಳೆಯ ವಾದ್ಯಗಳು ಬರುವುದು ನಿಂತು, ಅಂಗಡಿಗೆ ಮಕ್ಕಳು ಕಲಿಯುವ ಅಗ್ಗದ ಗಿಟಾರುಗಳಷ್ಟೇ ಉಳಿದವು.

ಮೇಸ್ತ್ರಿ ಅವಳಿಗೆ ಒಂದು ಮಾತೂ ಅನ್ನಲಿಲ್ಲ. ಒಮ್ಮೆ ಮಾತ್ರ ಅವಳು ಅಂಟಿನ ಪಾತ್ರೆಯನ್ನು ತಿಕ್ಕಿ ತಿಕ್ಕಿ ಬೆಳಗುತ್ತಿದ್ದಾಗ, "ಅದಕ್ಕೂ ಒಂದು ಕೆಂಪು ದಾರ ಕಟ್ಟಲಾ ಅಕ್ಕಾ?" ಎಂದು ನಕ್ಕ. ಅವಳೂ ನಕ್ಕಳು. ಮನೆಗೆ ಹೋಗಿ ಊಟ ಮಾಡಲಿಲ್ಲ.

ಒಂಬತ್ತು ವರ್ಷ ಹೀಗೇ ಕಳೆಯಿತು. ಮರದ ಪುಡಿ ಸೇರಿ ಸೇರಿ ಮೇಸ್ತ್ರಿಯ ಎದೆ ಕೆಟ್ಟು, ಆತ ತಂಗಿಯ ಮನೆಯಲ್ಲಿ ಹಾಸಿಗೆ ಹಿಡಿದ. ಡಾಕ್ಟರು ಕೈಚೆಲ್ಲಿದ್ದಾರೆಂದು ತಂಗಿ ಹೇಳಿದ ದಿನ, ಅಕ್ಕ ಅಂಗಡಿಗೆ ಬೀಗ ಹಾಕಿ ವಿಳಾಸ ಕೇಳಿಕೊಂಡು ವಾದಕರ ಮನೆಗೆ ಹೋದಳು.

ಆ ಅಮ್ಮ ಕಿಟಕಿ ಬಳಿ ಕುರ್ಚಿಯಲ್ಲಿದ್ದರು. ಬಹಳ ಸೊರಗಿದ್ದರು. ಅಕ್ಕ ಕೂರಲಿಲ್ಲ, ನಿಂತೇ ಹೇಳಿದಳು. ಒರೆಸಿದ್ದು ತಾನು, ಮೇಸ್ತ್ರಿಯಲ್ಲ ಎಂದಳು. ಅರ್ಧಕ್ಕೆ ಬಂದಾಗ ಗೊತ್ತಾದದ್ದನ್ನೂ, ಗೊತ್ತಾಗಿ ಒರೆಸಿದ್ದನ್ನೂ ಬಿಡಲಿಲ್ಲ.

ಆ ಅಮ್ಮ ಕುರ್ಚಿಯ ಕೈ ಹಿಡಿದು ಮುಂದೆ ಬಾಗಿದರು. "ಒಂಬತ್ತು ವರ್ಷ ಆ ಮನುಷ್ಯನಿಗೆ ಬಾಯಿ ತುಂಬ ಶಾಪ ಹಾಕಿದ್ದೀನಿ. ಈಗ ಅದನ್ನೆಲ್ಲ ಹೇಗೆ ವಾಪಸ್ ತಗೊಳ್ಳಲಿ?"

"ನನಗೇ ಹಾಕಿ ಅಮ್ಮಾ."

"ಹೊಸದಾಗಿ ಹಾಕೋಕೆ ಶಕ್ತಿ ಎಲ್ಲಿದೆ." ಆಮೇಲೆ ಕೇಳಿದರು, "ನಿಮ್ಮ ಯಜಮಾನ್ರು?"

"ಹೋಗಿ ಮೂವತ್ತು ವರ್ಷ ದಾಟ್ತು."

"ಅವರದೊಂದು ಅಂಗಿ ಇಟ್ಕೊಂಡಿದ್ದೀರಾ?"

"ಒಂದಿದೆ."

"ಒಗೆದಿದ್ದೀರಾ?"

ಅಕ್ಕ ತಲೆ ತಗ್ಗಿಸಿದಳು. ಆ ಅಂಗಿಗೆ ಅವಳು ನೀರು ಸೋಕಿಸಿರಲಿಲ್ಲ. "ಇಲ್ಲ," ಎಂದಳು.

"ಹೂಂ," ಎಂದರು ಆ ಅಮ್ಮ. ಅಷ್ಟೇ. ಕ್ಷಮಿಸಿದೆ ಎನ್ನಲಿಲ್ಲ, ಹೊರಟು ಹೋಗಿ ಎಂದೂ ಅನ್ನಲಿಲ್ಲ.

ಅಲ್ಲಿಂದ ಅಕ್ಕ ನೇರವಾಗಿ ತಂಗಿಯ ಮನೆಯ ಮಹಡಿ ಹತ್ತಿದಳು. ಮೇಸ್ತ್ರಿ ಮೂರು ದಿಂಬಿಗೆ ಒರಗಿದ್ದ. ಉಸಿರು ಸಿಳ್ಳೆ ಹಾಕುತ್ತಿತ್ತು.

"ಆ ಅಮ್ಮನಿಗೆ ಎಲ್ಲ ಹೇಳಿಬಂದೆ ಮೇಸ್ತ್ರಿ. ಒರೆಸಿದ್ದು ನಾನು ಅಂತ."

ಅವನ ಮುಖ ಹಗುರಾಗುತ್ತದೆಂದು ಅವಳು ಎಣಿಸಿದ್ದಳು. ಅದು ಬಿಳಿಚಿಕೊಂಡಿತು. "ಯಾರು ಹೇಳು ಅಂದ್ರು ನಿಮಗೆ?"

"ನನ್ನ ತಪ್ಪನ್ನ ನೀವು ಎಷ್ಟು ವರ್ಷ ಹೊತ್ಕೊಂಡಿರ್ತೀರಿ?"

"ನಿಮ್ಮ ತಪ್ಪನ್ನಲ್ಲ ನಾನು ಹೊತ್ತಿದ್ದು." ಆತ ಕೆಮ್ಮಿ ಸುಧಾರಿಸಿಕೊಂಡ. "ಆವತ್ತು ಕೆಂಪು ದಾರ ನನ್ನ ಜೇಬಲ್ಲೇ ಇತ್ತು ಅಕ್ಕಾ. ಕಟ್ಟೋಕೆ ಹೋದೆ, ಕಟ್ಟಲಿಲ್ಲ. ದಾರ ಇಲ್ದೆ ಆ ಮೇಜಿನ ಮೇಲಿಟ್ರೆ ನೀವು ಒರೆಸ್ತೀರಿ ಅಂತ ನನಗೆ ಗೊತ್ತಿತ್ತು. ಆ ಗುರುತು ಹೋಯ್ತು ಅಂದ್ರೆ ಆ ಅಮ್ಮನಿಗೆ ಹಾಗೇ ಇರ್ಲಿ ಅನ್ನೋಕೆ ಏನೂ ಉಳಿಯಲ್ಲ. ಗೋಡೆಯಾಚೆ ಕೇಳಿದ್ದನ್ನ ಒಂದು ಸಲ ಹತ್ತಿರದಿಂದ ಕೇಳ್ಬೇಕು ಅಂತ ನನಗೆ ಆಸೆ. ನನ್ನ ಕೈಯಿಂದ ಮಾಡೋಕೆ ಧೈರ್ಯ ಸಾಲಲಿಲ್ಲ. ನಿಮ್ಮ ಕೈಯಿಂದ ಮಾಡಿಸಿದೆ."

ಅಕ್ಕ ಮಂಚದ ಅಂಚಿಗೆ ಕೂತಳು. ಕೋಪ ಬರಬೇಕಿತ್ತು. ಅದರ ಬದಲು ಆ ಉಳಿದರ್ಧವೇ ಕಣ್ಣ ಮುಂದೆ ಬಂತು. ದಾರ ಕಟ್ಟದವನು ಆತ. ಆ ಅರ್ಧದ ಮುಂದೆ ಕೈ ನಿಂತ ಮೇಲೂ ಒರೆಸಿದವಳು ಅವಳು. ಅದನ್ನು ಅವನ ತಲೆಗೆ ಕಟ್ಟುವಂತಿರಲಿಲ್ಲ.

"ಅರ್ಧಕ್ಕೆ ಬಂದಾಗ ನನಗೂ ಗೊತ್ತಾಗಿತ್ತು ಮೇಸ್ತ್ರಿ," ಎಂದಳು.

ಆತ ಅವಳ ಮುಖವನ್ನು ನೋಡಿದ. ಕೆಳಗೆ ತಂಗಿ ಪಾತ್ರೆ ಜೋಡಿಸುವ ಸದ್ದು ಕೇಳುತ್ತಿತ್ತು.

"ನಾಳೆ ಇನ್ನೊಂದು ಸಲ ಅವರ ಮನೆಗೆ ಹೋಗಿ," ಎಂದ ಮೇಸ್ತ್ರಿ, "ನನ್ನದನ್ನೂ ಹೇಳ್ತೀರಾ ಅಕ್ಕಾ?"